ಗಾಜಿನೊಳಗಿನ ಬ್ಲೌಸ್

ಮದುಮಗಳ ಬ್ಲೌಸಿಗೆ ಕೊನೆಯ ಹುಕ್ ಹಾಕುತ್ತಿದ್ದ ರಂಜಿತಾ ತಲೆ ಎತ್ತಿದಳು. ಅಂಗಡಿಯ ಬಾಗಿಲಲ್ಲಿ ಸಿದ್ದಿ ನಿಂತಿದ್ದಳು. ರಂಜಿತಾಳ ಕೈಯ ದಾರ ತುಂಡಾಯಿತು.

ಮಾತಾಡಿ ಹನ್ನೊಂದು ವರ್ಷವಾಗಿತ್ತು. ಸೋಮವಾರಪೇಟೆಯ ಸಂತೆಯಲ್ಲಿ ಸಿದ್ದಿ ದೂರದಿಂದ ಕಂಡರೂ ಸಾಕು, ರಂಜಿತಾ ಆರಿಸುತ್ತಿದ್ದ ತರಕಾರಿ ಬಿಟ್ಟು ಬೇರೆ ಸಾಲಿಗೆ ಹೋಗಿಬಿಡುತ್ತಿದ್ದಳು. ಈಗ ಹೋಗಲು ಬೇರೆ ಸಾಲು ಇರಲಿಲ್ಲ.

ಸಹಾಯಕಿ ಮೋಕ್ಷಿತಾ ಸ್ಟೂಲಿನ ಮೇಲೆ ನಿಂತು ಗೋಡೆಯ ಗಾಜಿನ ಫ್ರೇಮನ್ನು ಆಚೀಚೆ ಸರಿಸುತ್ತಿದ್ದಳು. ಅದರೊಳಗೆ ಹ್ಯಾಂಗರಿಗೆ ಹಾಕಿದ ಹಸಿರು ಬ್ಲೌಸ್. ಕೆಳಗೆ 'ಪ್ರಥಮ ಸ್ಥಾನ' ಎಂಬ ಚೀಟಿ.

"ಈಗ ಸರಿ ಉಂಟಾ ಅಕ್ಕ?"

"ಇನ್ನೂ ವಾಲಿದೆ."

"ಮೊಳೆಯದ್ದೇ ತಪ್ಪು. ಎಷ್ಟು ಸಲ ಹೊಡೆದ್ರೂ ಕುಡುಕನ ಹಾಗೆ ನಿಲ್ತದೆ. ನಾಳೆ ನೀವು ಇದನ್ನೇ ಹಾಕ್ಕೊಂಡು ಹೋಗಿ, ಆಗ ನೆಟ್ಟಗೆ ಕೂರ್ತದೆ."

"ಆಗ ಕಡ್ಡಿ ಹಾಗಿದ್ದೆ. ಈಗ ತೋಳೂ ಹತ್ತಲ್ಲ," ಎಂದಳು ರಂಜಿತಾ, ಬಾಗಿಲಿನತ್ತ ನೋಡದೆ.

ನಾಳೆ ಹೊಲಿಗೆ ತರಬೇತಿಯ ಹೊಸ ಬ್ಯಾಚಿನ ಹುಡುಗಿಯರ ಮುಂದೆ ಅವಳು ಮಾತಾಡಬೇಕಿತ್ತು. ಗೆದ್ದ ಬ್ಲೌಸನ್ನೂ ತನ್ನಿ ಎಂದಿದ್ದರು. ಆ ಬ್ಲೌಸಿಗೆ ಬಹುಮಾನವಾಗಿ ಬಂದ ಒಂದು ಮಿಷನ್ನಿನಿಂದಲೇ ಅಂಗಡಿ ಶುರುವಾದದ್ದು. ಈಗ ಮಿಷನ್ನು ಮೂರು. ವಿರಾಜಪೇಟೆಯಿಂದಲೂ ಮದುಮಗಳ ಬ್ಲೌಸುಗಳು ಬರುತ್ತವೆ. ಬಂದವರೆಲ್ಲ ಮೊದಲು ನೋಡುವುದು ಆ ಗಾಜನ್ನು.

ಸಿದ್ದಿ ಒಳಗೆ ಬಂದಳು. ಅಂದಿನಂತೆಯೇ ತೆಳ್ಳಗಿದ್ದಳು. ಬಲ ಹೆಗಲಿನಿಂದ ಬ್ಯಾಗಿನ ಪಟ್ಟಿ ಜಾರಿತು, ಎಳೆದುಕೊಂಡಳು, ಮತ್ತೆ ಜಾರಿತು.

"ಚೆನ್ನಾಗಿದ್ದೀರಾ ಅಕ್ಕ?"

ಹೊಲಿಗೆ ತರಬೇತಿಯಲ್ಲಿ ಜೊತೆಗಿದ್ದಾಗ 'ರಂಜಿ' ಎನ್ನುತ್ತಿದ್ದವಳು. ವಯಸ್ಸಿನಲ್ಲಿ ಮೂರು ವರ್ಷ ದೊಡ್ಡವಳು.

"ಕೂತ್ಕೋ. ಕಾಫಿ ತರಿಸ್ಲಾ?"

"ಬೇಡ. ಕಾಫಿ ತೋಟದ ಪಿಕ್ಕಿಂಗಿಗೆ ರಜೆ ಹಾಕಿ ಬಂದೆ, ನಾಲ್ಕರ ಬಸ್ಸಿಗೆ ಹೋಗ್ಬೇಕು. ಒಂದು ಬ್ಲೌಸ್ ಹೊಲಿಸ್ಬೇಕಿತ್ತು."

"ಯಾಕೆ, ನೀನೇ..." ರಂಜಿತಾ ಅಷ್ಟಕ್ಕೇ ನಿಲ್ಲಿಸಿದಳು.

"ಅವತ್ತಿಂದ ನಾನು ಮಿಷನ್ ಮುಟ್ಟಿಲ್ಲ."

ಅವತ್ತು ಎಂದರೆ ತರಬೇತಿಯ ಪರೀಕ್ಷೆಯ ದಿನ, ಮೊದಲು ಬಂದವರಿಗೆ ಮಿಷನ್ ಬಹುಮಾನ. ಎಲ್ಲರಿಗೂ ಒಂದೇ ಹಸಿರು ಬಟ್ಟೆ ಕೊಟ್ಟಿದ್ದರು. ತಂತಮ್ಮ ಮೈಯಳತೆಗೆ ತಾವೇ ಹೊಲಿಯಬೇಕು. ಬ್ಲೌಸಿಗೆ ಹೆಸರಿಲ್ಲ, ಪಿನ್ನಿನಲ್ಲಿ ಚುಚ್ಚಿದ ನಂಬರ್ ಚೀಟಿ ಮಾತ್ರ. ಸಂಜೆ ಟೀಚರು ಒಂದು ಬ್ಲೌಸನ್ನು ಎತ್ತಿ ಹಿಡಿದರು. ತೋಳು ಸುಕ್ಕುಗಟ್ಟಿತ್ತು, ಹೊಲಿಗೆ ಹಾವಿನಂತೆ ಹರಿದಿತ್ತು. "ಇದೇನು ಬ್ಲೌಸಾ, ಅಕ್ಕಿ ಚೀಲವಾ?" ನಂಬರ್ ನೋಡಿ ಸಿದ್ದಿಯ ಹೆಸರು ಕೂಗಿದರು. ಸಿದ್ದಿ ಏನೋ ಹೇಳಲು ಬಾಯಿ ತೆರೆದಳು. ಎಲ್ಲರೂ ನಕ್ಕ ಸದ್ದಿನಲ್ಲಿ ಅದು ಕೇಳಿಸಲಿಲ್ಲ.

ರಂಜಿತಾಳೂ ನಕ್ಕಿದ್ದಳು. ಆ ನಗು ನೆನಪಾದಾಗಲೆಲ್ಲ ಅವಳಿಗೆ ಕಿವಿ ಬಿಸಿಯಾಗುತ್ತಿತ್ತು. ಈಗಲೂ ಆಯಿತು.

"ನನ್ನ ಮಗಳು ಅನುಶ್ರೀ ಈ ಸಲ ಹೊಲಿಗೆಗೆ ಸೇರಿದ್ದಾಳೆ," ಎಂದಳು ಸಿದ್ದಿ. "ನಾಳೆ ನೀವು ಬರ್ತೀರಂತೆ. ರಂಜಿತಾ ಮೇಡಂ ಥರ ಆಗ್ತೀನಿ ಅಂತ ಕುಣೀತಾಳೆ."

"ನೀನೇನು ಹೇಳ್ದೆ?"

"ಚೆನ್ನಾಗಿ ಕಲಿ ಅಂದೆ. ಪರೀಕ್ಷೆ ದಿನ ಊಟಕ್ಕೆ ಮಾತ್ರ ಎದ್ದು ಹೋಗ್ಬೇಡ ಅಂದೆ."

"ಅಯ್ಯೋ ಪಾಪ, ಉಪವಾಸ ಹೊಲೀಬೇಕಾ!" ಎಂದು ಮೋಕ್ಷಿತಾ ನಕ್ಕಳು. ಮತ್ಯಾರೂ ನಗಲಿಲ್ಲ. ಅವಳು ಸ್ಟೂಲಿನಿಂದಿಳಿದು ಪುಸ್ತಕ ತೆಗೆದಳು. "ಅಳತೆ ಬ್ಲೌಸ್ ತಂದಿದ್ದೀರಾ?"

"ಸರಿಯಾದ್ದು ಒಂದೂ ಇಲ್ಲ. ಚಿಕ್ಕಂದಿನಲ್ಲಿ ಕಾಳುಮೆಣಸು ಕೊಯ್ಯೋ ಏಣಿಯಿಂದ ಬಿದ್ದ ಹೆಗಲು ಇದು. ಎಲ್ಲಿ ಹೊಲಿಸಿದ್ರೂ ಜಾರ್ತದೆ." ಸಿದ್ದಿ ಗೋಡೆಯತ್ತ ಕೈ ತೋರಿಸಿದಳು. "ಅಳತೆಗೆ ಅದನ್ನೇ ಇಟ್ಕೊಳ್ಳಿ."

"ಅದಾ? ಅದು ನಮ್ಮಕ್ಕನ ಫಸ್ಟ್ ಪ್ರೈಜ್ ಅಲ್ವಾ! ಅಳತೆಗೆಲ್ಲ ಕೊಡೋಕಾಗ್ತದಾ?"

"ಗೊತ್ತು," ಎಂದಳು ಸಿದ್ದಿ.

ಇಲ್ಲ ಎಂದರೆ ಮುಗಿಯುತ್ತಿತ್ತು. ನಾಲ್ಕರ ಬಸ್ಸು ಹೊರಡುತ್ತಿತ್ತು, ನಾಳೆ ಚಪ್ಪಾಳೆ ಬೀಳುತ್ತಿತ್ತು. ರಂಜಿತಾ ಎದ್ದಳು. ಸ್ಟೂಲು ಹತ್ತಿ ಫ್ರೇಮ್ ಇಳಿಸಿದಳು. ಹಿಂದಿನ ಹಲಗೆ ಬಿಚ್ಚಿ ಬ್ಲೌಸನ್ನು ಸಿದ್ದಿಯ ಕೈಗಿಟ್ಟಳು. ಮುಖ ನೋಡಲಿಲ್ಲ.

ಸಿದ್ದಿ ಪರದೆಯ ಹಿಂದೆ ಹೋದಳು. ಹೊರಗೆ ಬಂದಾಗ ಹಸಿರು ಬ್ಲೌಸ್ ಒಂದು ಸುಕ್ಕೂ ಇಲ್ಲದೆ ಅವಳ ಮೈಮೇಲಿತ್ತು. ಇಷ್ಟು ವರ್ಷ ಗಾಜಿನೊಳಗೆ ವಾಲುತ್ತಿದ್ದದ್ದು ಆ ಇಳಿದ ಬಲ ಹೆಗಲಿನ ಮೇಲೆ ನೆಟ್ಟಗೆ ಕೂತಿತ್ತು.

ಮೋಕ್ಷಿತಾ ಹತ್ತಿರ ಹೋದಳು. ಎರಡೂ ಭುಜಗಳ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಬಲದ್ದು ಅರ್ಧ ಇಂಚು ಕೆಳಗೆ.

"ಅಕ್ಕ," ಎಂದಳು ಮೆಲ್ಲಗೆ, "ಮೊಳೆಯದ್ದಲ್ಲ ತಪ್ಪು."

ಸಿದ್ದಿ ಹುಕ್ ಬಿಚ್ಚಲು ಕೈ ಹಾಕಿದಳು.

"ಬಿಚ್ಬೇಡ," ಎಂದಳು ರಂಜಿತಾ. "ಹಾಕ್ಕೊಂಡೇ ಹೋಗು."

ಸಿದ್ದಿ ಸೆರಗು ಸರಿಮಾಡಿಕೊಂಡು, ಜಾರಿದ ಪಟ್ಟಿಯನ್ನು ಎಳೆದುಕೊಂಡು, ಬಸ್ಸಿಗೆ ನಡೆದಳು.

"ಹಾಗಾದ್ರೆ ನಾಳೆ ಏನು ತಗೊಂಡು ಹೋಗ್ತೀರಿ ಅಕ್ಕ?" ಎಂದಳು ಮೋಕ್ಷಿತಾ.

ರಂಜಿತಾ ಖಾಲಿ ಫ್ರೇಮನ್ನು ಮಡಿಲಲ್ಲಿಟ್ಟುಕೊಂಡು ಗಾಜು ಒರೆಸತೊಡಗಿದಳು. ಅಂದು ಎಲ್ಲರೂ ಊಟಕ್ಕೆ ಎದ್ದು ಹೋಗಿದ್ದಾಗ, ಅಕ್ಕಪಕ್ಕದ ಎರಡು ಬ್ಲೌಸುಗಳ ಪಿನ್ನು ಬಿಚ್ಚಿ ನಂಬರ್ ಚೀಟಿಗಳನ್ನು ಅದಲುಬದಲು ಮಾಡಿದ್ದು ಇದೇ ಬೆರಳುಗಳು. ನಾಳೆ ಅನುಶ್ರೀ ಮೊದಲ ಸಾಲಿನಲ್ಲೇ ಕೂತಿರುತ್ತಾಳೆ. ಅವಳೆದುರು ಈ ಗಾಜನ್ನು ಖಾಲಿಯಾಗಿಯೇ ಇಡುವುದು ಎಂದುಕೊಂಡಳು.