ಎರಡನೇ ಲೇನಿನ ಮೊಳೆ

ಬೆಳಿಗ್ಗೆ ಆರೂ ನಲವತ್ತು. ಗಣಿತದ ಮರುಪರೀಕ್ಷೆ ಹತ್ತು ಗಂಟೆಗೆ. ಅದರಲ್ಲಿ ಮೂವತ್ತೈದು ಅಂಕ ಬಾರದಿದ್ದರೆ ಶನಿವಾರದ ನಾನೂರು ಮೀಟರ್ ಓಟದ ಪಟ್ಟಿಯಿಂದ ಮಗಳ ಹೆಸರು ಹೋಗುತ್ತದೆ. ಅದೇ ಓಟಕ್ಕಾಗಿ ಶಾಲೆಯ ಮೈದಾನದಲ್ಲಿ ಸುಣ್ಣದ ಗೆರೆ ಎಳೆಯುತ್ತಿದ್ದ ಅಪ್ಪ ಎರಡನೇ ಲೇನಿನಲ್ಲಿ ನಿಂತುಬಿಟ್ಟರು. ಓಟ ಶುರುವಾಗುವ ಜಾಗಕ್ಕೆ ಹೋದ ವರ್ಷ ಅವರೇ ಹೊಡೆದಿದ್ದ ಗುರುತಿನ ಮೊಳೆ ಕಾಣುತ್ತಿರಲಿಲ್ಲ.

“ಲೆಕ್ಕ ಹಾಕಿ ಹುಡುಕಿಕೊಡು ತಾಯಿ,” ಎಂದರು, ಅಳತೆಯ ಟೇಪು ಹಿಡಿದು ಜೊತೆಗೆ ಬಂದಿದ್ದ ಮಗಳಿಗೆ.

“ಓಡು ಅನ್ನು ಅಪ್ಪಾ, ಓಡ್ತೀನಿ. ಲೆಕ್ಕ ನನ್ನ ತಲೆಗೆ ಹತ್ತಲ್ಲ.”

“ಎರಡನೇ ಲೇನಿನವಳು ಯಾಕೆ ಮುಂದೆ ನಿಲ್ತಾಳೆ?”

“ಹೊರಗಿನ ಸುತ್ತು ದೊಡ್ಡದು. ಅಷ್ಟೂ ಗೊತ್ತಿಲ್ವಾ ನಿಂಗೆ?”

“ಎಷ್ಟು ದೊಡ್ಡದು, ಹೇಳು ಪಂಡಿತೆ.”

ಅವಳು ನೆಲದಿಂದ ಒಂದು ಕಡ್ಡಿ ಎತ್ತಿಕೊಂಡಳು. ಓಟ ಒಂದೇ ಸುತ್ತು; ನೇರ ಭಾಗ ಎಲ್ಲ ಲೇನಿಗೂ ಸಮ. ಲೇನಿನ ಅಗಲ ಒಂದು ಮೀಟರ್. ಎರಡು ತುದಿಯ ತಿರುವುಗಳನ್ನು ಕೂಡಿಸಿದರೆ ಒಂದು ಪೂರ್ತಿ ವೃತ್ತ. ತ್ರಿಜ್ಯ ಒಂದು ಮೀಟರ್ ಹೆಚ್ಚಾದರೆ ಪರಿಧಿ ಹೆಚ್ಚುವುದು ಎರಡು ಪೈ ಮೀಟರ್. ಕಡ್ಡಿಯಿಂದ ಮಣ್ಣಿನ ಮೇಲೆ ಬರೆದಳು: 6.28.

ಮೊದಲ ಲೇನಿನ ಆರಂಭದ ಗೆರೆಯ ನೇರಕ್ಕೆ ಅಪ್ಪ ಟೇಪಿನ ತುದಿ ಹಿಡಿದರು. ಅವಳು ಅದನ್ನು ತಿರುವಿನ ಗುಂಟ ಎಳೆದುಕೊಂಡು ಹೋಗಿ, ಆರು ಮೀಟರ್ ಇಪ್ಪತ್ತೆಂಟು ಸೆಂಟಿಮೀಟರಿಗೆ ಕುಕ್ಕರಗಾಲಿನಲ್ಲಿ ಕೂತು ಮಣ್ಣು ಕೆರೆದಳು. ತುಕ್ಕು ಹಿಡಿದ ಮೊಳೆಯ ತಲೆ ಬೆರಳಿಗೆ ತಗುಲಿತು.

“ಅಪ್ಪಾ, ಮೂರನೇ ಲೇನಿನ ಮೊಳೆ ನೀನು ಹುಡುಕಬೇಡ. ನಾನೇ ಹೇಳ್ತೀನಿ!”

ಮರುಪರೀಕ್ಷೆಯಲ್ಲಿ ಅವಳಿಗೆ ನಲವತ್ತೊಂದು ಬಂತು. ಶನಿವಾರ ಅವಳು ನಾಲ್ಕನೇ ಲೇನಿನಲ್ಲಿ ಓಡಿದಳು.