ಉಪ್ಪು ಜಾಸ್ತಿ

ಅಕ್ಕಿ ಡಬ್ಬದ ಹಿಂದೆ ಕೈ ಹಾಕಿದ ಓಂಕಾರಮೂರ್ತಿಗೆ ಮತ್ತೊಂದು ಖಾಲಿ ಪೊಟ್ಟಣ ಸಿಕ್ಕಿತು. ಖಾರದ ಮಿಕ್ಸ್ಚರ್. ಮುಂದುಗಡೆ ಅವನೇ ಅಂಟಿಸಿದ ದುಂಡನೆಯ ಕೆಂಪು ಚೀಟಿ. ಅದರ ಮೇಲೆ 'ಉಪ್ಪು ಜಾಸ್ತಿ'. ಚೀಟಿ ಹರಿಯದಂತೆ ಪೊಟ್ಟಣದ ಬಾಯನ್ನು ಕತ್ತರಿಯಲ್ಲಿ ನೀಟಾಗಿ ಕತ್ತರಿಸಲಾಗಿತ್ತು. ಕಳ್ಳತನದಲ್ಲೂ ಹೆಂಡತಿ ತ್ರಿವೇಣಿ ಅಚ್ಚುಕಟ್ಟು ಬಿಟ್ಟಿರಲಿಲ್ಲ.

ಇದು ನಡೆದ ಸಂಗತಿ. ನಂಬದವರು ಮೊಳಕಾಲ್ಮೂರಿಗೆ ಬಂದು ಕುರಿ ಕಾಯುವ ಕಾಮಣ್ಣನನ್ನು ಕೇಳಬಹುದು. ಅವನು ಬಾಯಿ ಬಿಡುವುದಿಲ್ಲ, ಆ ಮಾತು ಬೇರೆ.

ಪೊಟ್ಟಣ ಹಿಡಿದು ನಿಂತ ಓಂಕಾರಮೂರ್ತಿಗೆ ಸಿಟ್ಟು ಬರಲಿಲ್ಲ. ಹೆದರಿಕೆಯಾಯಿತು. ಹೀಗೇ ತಿಂದರೆ ಇವಳು ಉಳಿಯುವುದಿಲ್ಲ.

ಬೇಸಿಗೆಗೆ ಮುಂಚೆ ಚಳ್ಳಕೆರೆಯ ಡಾಕ್ಟರ್ ಚಂದ್ರಶೇಖರ್ ಊರಿಗೆ ಬಂದು ಆರೋಗ್ಯ ಶಿಬಿರ ನಡೆಸಿದ್ದರು. ಗಂಡ ಹೆಂಡತಿ ಇಬ್ಬರೂ ರಕ್ತ ಕೊಟ್ಟಿದ್ದರು. ಏನು ಬಂದಿದೆಯೆಂದು ಕೇಳಲು ಚಳ್ಳಕೆರೆಗೆ ಹೋಗಬೇಕಾದ ದಿನವೇ ಅವನ ಕಿರಾಣಿ ಅಂಗಡಿಗೆ ಮಾಲು ಬಂತು. ತ್ರಿವೇಣಿ ಒಬ್ಬಳೇ ಬಸ್ಸು ಹತ್ತಿದಳು. ಸಂಜೆ ಬಂದವಳು ಚಪ್ಪಲಿಯನ್ನೂ ಬಿಡದೆ ಹೊಸ್ತಿಲ ಬಳಿ ಕುಸಿದು ಕೂತು, ತನ್ನ ಕಿಡ್ನಿ ಕೆಡುತ್ತಿದೆಯಂತೆ, ಉಪ್ಪು ಬಿಡಬೇಕಂತೆ ಎಂದಳು. ಅವನದೆಲ್ಲ ಸರಿ ಇದೆಯಂತೆ. ಸುಸ್ತಿಗೆಂದು ಮಾತ್ರೆ ಮಾತ್ರ ಕೊಟ್ಟಿದ್ದರು. ಅದನ್ನು ದಿನಾ ಬೆಳಿಗ್ಗೆ ಅವಳೇ ಅವನ ಅಂಗೈಗೆ ಹಾಕಿ, ನುಂಗುವವರೆಗೂ ನಿಲ್ಲುತ್ತಿದ್ದಳು.

ಅವನ ಅಣ್ಣನಿಗೂ ಅದೇ ಕಾಯಿಲೆ ಬಂದಿತ್ತು. ಹೆಸರು ಕೇಳಿದ ದಿನವೇ ಗೋಡೆಗೆ ಮುಖ ಮಾಡಿ ಮಲಗಿದವನು ಮತ್ತೆ ಏಳಲಿಲ್ಲ.

ಆ ಮನೆಯಲ್ಲಿ ಅವ್ವನ ಕಾಲದಿಂದಲೂ ಎರಡು ಅಡುಗೆಯಿಲ್ಲ. ಒಬ್ಬರಿಗೆ ಪಥ್ಯ ಬಂದರೆ ಎಲ್ಲರ ತಟ್ಟೆಗೂ ಅದೇ ಸಾರು. ಸಪ್ಪೆ ಸಾರನ್ನು ಹೆಂಡತಿಗಾಗಿ ಅವನೂ ತುಟಿ ಪಿಟಕ್ಕೆನ್ನದೆ ಉಂಡ. ಕೆಟ್ಟ ಬಾಯಿಗೆ ಅಂಗಡಿಯಲ್ಲಿ ಮಿಕ್ಸ್ಚರ್ ಇತ್ತಲ್ಲ.

ಪೊಟ್ಟಣದ ಮುಂದೆ ಚಿತ್ರ, ಹಿಂದೆ ಇರುವೆ ಕಾಲಿನಂಥ ಅಕ್ಷರದಲ್ಲಿ ಉಪ್ಪಿನ ಲೆಕ್ಕ. ಅದನ್ನು ಮುಂದುಗಡೆಯೇ ಕೆಂಪಗೆ ಹಾಕಬೇಕು ಎಂದು ಡಾಕ್ಟರು ಶಿಬಿರದಲ್ಲಿ ಹೇಳಿದ್ದು ಅವನಿಗೆ ನೆನಪಿತ್ತು. ಚೀಟಿ ಮಾಡಿಸಿದ. ತನ್ನ ಸಂಜೆ ಚಹಾಕ್ಕೆಂದು ಮನೆಗೊಯ್ಯುವ ಪೊಟ್ಟಣಗಳಿಗೆಲ್ಲ ಅಂಟಿಸಿದ, ಅವಳ ಕೈ ಹಿಂದೆ ಸರಿಯಲೆಂದು. ಸಂಜೆಯ ಹೊತ್ತಿಗೆ ಪೊಟ್ಟಣವೇ ಇರುತ್ತಿರಲಿಲ್ಲ.

ಅಂಗಡಿ ಕಟ್ಟೆಯ ಮೇಲೆ ಕೂತಿದ್ದ ಕಾಮಣ್ಣ ಎಲ್ಲ ಕೇಳಿಸಿಕೊಂಡ. ಇಬ್ಬರೂ ಒಟ್ಟಿಗೆ ಶಾಲೆ ಕಲಿತವರು.

"ಲೇ ಓಂಕಾರಿ, ಆ ಚೀಟಿ ಅಂಗಡಿ ಮಾಲಿಗೂ ಹಚ್ಚೋ. ನಾವೇನು ಮನುಷ್ಯರಲ್ವಾ?"

"ಹಚ್ಚಿದ್ರೆ ನೀನು ತಗಂತೀಯಾ?"

"ನಂದಿರ್ಲಿ, ನಿನ್ ಕಾಲು ನೋಡ್ಕಾ. ಊದಿ ಬನ್ ಆಗೈತೆ."

ದಿನವಿಡೀ ನಿಂತು ನಿಂತು ಹಾಗಾಗಿದೆ ಎಂದು ಓಂಕಾರಮೂರ್ತಿ ಇನ್ನೊಂದು ಮುಷ್ಟಿ ಮಿಕ್ಸ್ಚರ್ ಬಾಯಿಗೆ ಹಾಕಿಕೊಂಡ. ಅಷ್ಟರಲ್ಲಿ ಉಪಾಯ ಹೊಳೆಯಿತು.

ಅವನ ಗಂಟಲಲ್ಲಿ ಅರ್ಧ ಊರೇ ಇತ್ತು. ಬಸ್ ಕಂಡಕ್ಟರನ ಕೂಗು, ಕಾಮಣ್ಣನ ಟಗರು, ಎಲ್ಲ. ಡಾಕ್ಟರ್ ಚಂದ್ರಶೇಖರ್ ಅಂತೂ ಅವನ ಮೇರುಕೃತಿ: ಕೆಟ್ಟ ಸುದ್ದಿಗೆ ಮುಂಚೆ ಒಂದು ಮೆತ್ತನೆಯ ಕೆಮ್ಮು, ಆಮೇಲೆ ರೋಗಿಗೆ ಧೈರ್ಯ ಬರಲೆಂದು ಹ್ಹ ಹ್ಹ ಹ್ಹಾ ಎಂಬ ದೊಡ್ಡ ನಗು. ಕಾಮಣ್ಣನ ಫೋನಿನಿಂದ ತ್ರಿವೇಣಿಗೆ ಒಮ್ಮೆ ಗದರಿಸುವುದು, ಅವಳು ಒಪ್ಪಿಕೊಂಡ ಮೇಲೆ ಸ್ವಂತ ದನಿ ತೆಗೆಯುವುದು. ಅವನ ತಮಾಷೆಗಳಿಗೆ ಯಾವತ್ತೂ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಅವಳೇ.

ಸ್ಪೀಕರ್ ಹಾಕಿ ಫೋನನ್ನು ತಕ್ಕಡಿಯ ಪಕ್ಕ ಇಟ್ಟ. ಬಾಯಲ್ಲಿದ್ದದ್ದನ್ನು ನುಂಗಿ, ಮೆತ್ತಗೆ ಕೆಮ್ಮಿದ.

"ತ್ರಿವೇಣಿಯವರೇ, ನಾನು ಡಾಕ್ಟರ್ ಚಂದ್ರಶೇಖರ್. ಪೊಟ್ಟಣದ ವಿಷಯ ಗೊತ್ತಾಯ್ತಮ್ಮ."

ಕಾಮಣ್ಣ ನಗು ತಡೆಯಲಾರದೆ ಹೆಗಲ ಟವೆಲನ್ನು ಬಾಯಿಗೆ ತುರುಕಿಕೊಂಡ. ಆ ಕಡೆಯಿಂದ, ಪಕ್ಕದ ಮನೆಯ ಮಗ್ಗದ ಸದ್ದಿನ ನಡುವೆ, ತ್ರಿವೇಣಿಯ ದನಿ ಬಂತು.

"ಅವರು ತರೋದ್ನೆಲ್ಲ ಹಿತ್ತಲ ಗುಂಡಿಗೆ ಸುರೀತಿದೀನಿ ಸಾರ್. ಚೀಟಿ ನನಗೇ ಅಂತ ಅಂಟಿಸ್ತಾರೆ, ಪಾಪ. ಅಂಗಡೀಲಿ ಏನು ತಿಂತಾರೋ ಗೊತ್ತಿಲ್ಲ. ಮಾತ್ರೆ ನುಂಗಿಸ್ತಿದೀನಿ, ಆದ್ರೂ ಕಾಲು ಊದ್ತಾನೇ ಐತೆ. ಕಾಯಿಲೆ ಅವರದೇ ಅಂತ ನೀವೇನಾರ ಹೇಳಿಬಿಟ್ರಾ ಸಾರ್? ಅವರಣ್ಣನಂಗೆ ಹೆದ್ರಿಕೊಂಡೇ ಹೋಗ್ಬಿಡ್ತಾರೆ. ಅವರಿಗೆ ಗೊತ್ತಾಗಿಲ್ಲ ತಾನೇ?"

ಕಾಮಣ್ಣನ ಬಾಯಿಂದ ಟವೆಲ್ ಜಾರಿತು. ಓಂಕಾರಮೂರ್ತಿ ತಕ್ಕಡಿಯ ಪಕ್ಕ ಬಾಯಿ ತೆರೆದು ಬಿದ್ದಿದ್ದ ತನ್ನ ಪೊಟ್ಟಣವನ್ನೇ ನೋಡಿದ. ಅದರ ಮೇಲೆ ಕೆಂಪು ಚೀಟಿ ಇರಲಿಲ್ಲ.

ಮತ್ತೊಮ್ಮೆ ಮೆತ್ತಗೆ ಕೆಮ್ಮಿದ.

"ಇಲ್ಲಮ್ಮ, ಅವರಿಗೇನೂ ಗೊತ್ತಿಲ್ಲ" ಎಂದವನೇ, ಡಾಕ್ಟರು ಎಂದೂ ನಗದಷ್ಟು ಜೋರಾಗಿ ನಕ್ಕ.