ಕಣ್ಣು ಬಿದ್ದ ಡಿಸ್ಕು

ಅಂದು ಬೆಳಿಗ್ಗೆ ನ್ಯಾಮತಿಯಲ್ಲಿ ಎದುರಿನ ಅಂಗಡಿಯೂ ಕಾಣದಷ್ಟು ಮಂಜು. ಆದರೂ ರೇಣುಕಪ್ರಸಾದನ ಕಣ್ಣು ಆ ಕಡೆಗೇ. ಮಂಜಿನೊಳಗಿಂದ ದುರುಗೇಶನ ಸ್ಟುಡಿಯೋದ ಶಟರ್ ಎದ್ದ ಸದ್ದು. ಹಿಂದೆಯೇ ಯಾರೋ ಗಿರಾಕಿಯ ನಗು.

"ಬೆಳಕು ಹರಿಯೋದ್ರೊಳಗೆ ಬೋಣಿ ಆತು ನೋಡು ಅವನಿಗೆ!"

"ಶಿವ ಕೊಟ್ಟಷ್ಟು ಅವರವರಿಗೆ, ಬಿಡ್ರಿ," ಎಂದಳು ಅಂಗಡಿ ಹಿಂದಿನ ಮನೆಯಲ್ಲಿ ಪೂಜೆ ಮುಗಿಸಿ ಟೀ ತಂದ ಹೆಂಡತಿ ಶಿವಲೀಲಾ.

ಇಬ್ಬರದೂ ಒಂದೇ ಕಸುಬು: ಮದುವೆಯ ವಿಡಿಯೋ ತೆಗೆದು ಡಿಸ್ಕಿಗೆ ಬರೆದುಕೊಡುವುದು. ದುರುಗೇಶನ ಡಿಸ್ಕು ನೀರು ಹರಿದಂತೆ ಓಡುತ್ತಿತ್ತು. ರೇಣುಕಪ್ರಸಾದನದು ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ನಿಂತು, ಮದುಮಗನ ಮುಖ ಚೌಕಚೌಕವಾಗಿ ಒಡೆಯುತ್ತಿತ್ತು.

ಮೊದಲ ಸಲ ಕೈಕೊಟ್ಟದ್ದು ಅಗ್ಗದ ಮಾಲು. ಅದು ಅವನದೇ ತಪ್ಪು. ಆಮೇಲೆ ಒಳ್ಳೆಯ ಕಂಪನಿಯ ಡಿಸ್ಕನ್ನೇ ತಂದ. ಟ್ಯೂಬ್‌ಲೈಟಿಗೆ ಹಿಡಿದು, ಬಣ್ಣ ಒಂದೇ ಸಮ ಇದ್ದದ್ದನ್ನು ಆರಿಸಿದ. ಅಂಚನ್ನಷ್ಟೇ ಹಿಡಿದ, ವೇಗ ತಗ್ಗಿಸಿ ಬರೆದ, ಕೊನೆಯವರೆಗೂ ಹಾಕಿ ನೋಡಿದ. ಅಂಗಡಿಯಲ್ಲಿ ಎಲ್ಲ ಸರಿ. ಶಿವಲೀಲಾ ಒಳಗೊಯ್ದು ಒಂದೊಂದನ್ನೇ ಕವರಿಗೆ ಹಾಕಿ ಕೊಡುವಳು. ಗಿರಾಕಿಯ ಮನೆ ಮುಟ್ಟಿದರೆ ಮತ್ತೆ ಅದೇ ಕಥೆ.

"ಅವನ ಕಣ್ಣು ಬಿದ್ದೈತೆ," ಎಂಬುದು ಅವನ ನಿತ್ಯದ ಜಪವಾಗಿತ್ತು.

ತಡೆಯಲಾರದೆ ರಸ್ತೆ ದಾಟಿದ. ಒಳಗೆ ಕೂತಿದ್ದವರು ಸವಳಂಗದ ಮಹೇಶ್ವರಪ್ಪ. ಅವರ ಕೈಯಲ್ಲಿ ಇವನೇ ಕೊಟ್ಟ ಡಿಸ್ಕು!

"ಬಾರಪ್ಪ ಪ್ರಸಾದ. ನಿನ್ನ ಡಿಸ್ಕಿನಾಗೆ ನಮ್ಮ ಅಳಿಯ ಇನ್ನೂ ತಾಳಿ ಕಟ್ಟಿಲ್ಲ. ಇಲ್ಲಿ ಮೊಮ್ಮಗ ಹುಟ್ಟೋ ಹೊತ್ತು ಬಂದೈತೆ ಮಾರಾಯ! ಎರಡನೇ ಮಗಳ ಮದುವೆ ದುರುಗೇಶನಿಗೇ."

ಆ ಮದುವೆಯೂ ಕೈ ತಪ್ಪಿದರೆ ಅಂಗಡಿ ಮುಚ್ಚುವುದೇ ಸರಿ. ರೇಣುಕಪ್ರಸಾದ ದುರುಗೇಶನ ಕಡೆ ತಿರುಗಿದ.

"ಯಾವ ಡಿಸ್ಕು ತರ್ತೀಯೋ ದುರುಗೇಶ, ನಿಜ ಹೇಳು."

"ನೀವು ತರೋದೇ ಅಣ್ಣ. ಅದೇ ದಾವಣಗೆರೆ ಅಂಗಡೀದು."

"ಹಂಗಾರೆ ನಂದ್ಯಾಕೆ ನಿಲ್ತೈತೆ?"

"ಅದು ನಿಮ್ಮನೆ ಗುಟ್ಟು, ನನಗೆ ಹೆಂಗೆ ಗೊತ್ತಾಗಬೇಕ್ರಿ?" ದುರುಗೇಶ ನಕ್ಕ. ಆ ನಗು ಉರಿಗೆ ಎಣ್ಣೆ ಹೊಯ್ದಂತಾಯಿತು. ಇವನೇ ಏನೋ ಮಾಡಿಸಿದ್ದಾನೆ, ಅನುಮಾನವೇ ಇಲ್ಲ ಎಂದುಕೊಂಡು ಮನೆಗೆ ಬಂದು, ಹೆಂಡತಿಯ ಮುಂದೆ ಅದನ್ನೇ ಹತ್ತು ಸಲ ಹೇಳಿದ. ಶಿವಲೀಲಾ ಕೈಮುಗಿದು ದೇವರ ಕೋಣೆಗೆ ಹೋದಳು.

ಬಿಸಿಲು ಬಿದ್ದ ಮೇಲೆ ದುರುಗೇಶನೇ ಬಂದ. ಕೈಯಲ್ಲಿ ಮಹೇಶ್ವರಪ್ಪನವರ ಡಿಸ್ಕು.

"ಅಣ್ಣ, ಡಿಸ್ಕು ಚಲೋ ಐತೆ, ನೀವು ಬರೆದಿದ್ದೂ ಚಲೋ ಐತೆ. ಸೋಪಿನ ನೀರಾಗೆ ತೊಳೆದು ಹಾಕಿದೆ, ಅವರ ಮುಂದೇನೇ ಪೂರ್ತಿ ಓಡ್ತು. ಹೊಳೆಯೋ ಕಡೆಗೆ ಎಂಥದೋ ಬಿಳಿ ಪುಡಿ ಮೆತ್ತಿತ್ತು."

"ಪುಡಿ? ಎಂಥ ಪುಡಿ?" ರೇಣುಕಪ್ರಸಾದ ಅವನ ಕೊರಳಪಟ್ಟಿಗೇ ಕೈ ಹಾಕಿದ. "ಏನು ಮಾಟ ಮಾಡ್ಸಿದೀಯೋ?"

"ಮೂಸಿ ನೋಡಿದೆ ಅಣ್ಣ. ವಿಭೂತಿ."

ಬಾಗಿಲಲ್ಲಿ ನಿಂತಿದ್ದ ಶಿವಲೀಲಾ ಮುಖ ಸಣ್ಣದು ಮಾಡಿಕೊಂಡಳು.

"ಕಣ್ಣು ಬಿದ್ದೈತೆ ಅಂತ ನೀವೇ ದಿನಾ ಅಂತಿದ್ರಲ್ರೀ... ಅದಕ್ಕೇ ಒಂದೊಂದಕ್ಕೂ ಹಚ್ಚಿ ಕವರಿಗೆ ಹಾಕ್ತಿದ್ದೆ."

ಕೊರಳಪಟ್ಟಿ ಹಿಡಿದ ಕೈ ಸಡಿಲಾಯಿತು. ದುರುಗೇಶ ಆ ಖಾಲಿ ಕೈಗೆ ಡಿಸ್ಕು ಇಟ್ಟು, "ಸವಳಂಗದ ಮದುವೆ ನಿಮ್ದೇ, ನಾನು ಒಪ್ಕೊಳ್ಳಲಿಲ್ಲ," ಎಂದು ಮೆಲ್ಲಗೆ ಹೇಳಿ ರಸ್ತೆ ದಾಟಿದ.